ತಲೆಗೆ ಕಟ್ಟಿದ ಬೆಲೆ

ಒಬ್ಬನ ತಲೆಗೆ ಬೆಲೆ ಕಟ್ಟುವುದೆಂಬ ಮಾತು ಕನ್ನಡಕ್ಕೆ ಹೊಸದಲ್ಲ. ಅರಸನಿಗೆ ತಿರುಗಿಬಿದ್ದವನನ್ನೋ ಕಾಡು ಸೇರಿದ ದರೋಡೆಕಾರನನ್ನೋ ಹಿಡಿದುಕೊಟ್ಟವರಿಗೆ ಇಷ್ಟು ಇನಾಮು ಎಂದು ಸಾರುವ ಪದ್ಧತಿಯನ್ನು ಬಹು ರಾಜ್ಯಗಳು ಬಲ್ಲವು. ಆದರೆ ಆ ಇನಾಮನ್ನೇ ನಂಬಿ ಬಾಳುವವನಿಗೆ, ಊರಿಂದೂರಿಗೆ ಅಲೆದು ಬೆಲೆಕಟ್ಟಿದ ತಲೆಗಳನ್ನು ಅರಸುವುದನ್ನೇ ಕಸುಬಾಗಿ ಮಾಡಿಕೊಂಡವನಿಗೆ, ಕನ್ನಡದಲ್ಲಿ ನೆಲೆನಿಂತ ಹೆಸರಿಲ್ಲ. ಇಂಗ್ಲಿಷಿನವರು ಅವನನ್ನು ಬೌಂಟಿ ಹಂಟರ್ ಎನ್ನುವರು. ಬಹುಮಾನದ ಬೇಟೆಗಾರ ಎಂದು ಅದನ್ನು ತಿರುಗಿಸಬಹುದು. ಹಾಗೆ ತಿರುಗಿಸಿದ ಕೂಡಲೆ ಒಂದು ವೈಚಿತ್ರ್ಯವು ಕಣ್ಣಿಗೆ ಬೀಳುವುದು. ಬಹುಮಾನವೆಂದರೆ ಮೊದಲ ಅರ್ಥದಲ್ಲಿ ಹಣವಲ್ಲ. ಬಹಳವಾದ ಮಾನ, ಹೆಚ್ಚಿನ ಮರ್ಯಾದೆ. ಈ ಕಸುಬಿನವನಿಗೆ ದೊರೆಯದಿರುವುದು ಅದೊಂದೇ. ಹಣ ಕೊಡುವವನೂ ಅವನನ್ನು ಬಾಗಿಲಾಚೆ ನಿಲ್ಲಿಸಿಯೇ ಕೊಡುವನು. ಒಂದು ಅರ್ಥದ ಬಹುಮಾನವನ್ನು ಬೆನ್ನಟ್ಟಿ ಇನ್ನೊಂದು ಅರ್ಥದ ಬಹುಮಾನವನ್ನು ಕಳೆದುಕೊಂಡವನು ಅವನು.

ಇಂತಹವನು ಹಳೆಯ ಕಾಡುಮೇಡುಗಳ ಕತೆಗಳಲ್ಲಿ ಬಂದುಹೋಗಿದ್ದರೆ ಆಶ್ಚರ್ಯವಿರಲಿಲ್ಲ. ಆಶ್ಚರ್ಯವೇನೆಂದರೆ, ಇನ್ನೂ ಬಾರದ ಕಾಲವನ್ನೂ ಕಾಣದ ಲೋಕಗಳನ್ನೂ ಕುರಿತು ಬರೆಯುವವರು, ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವ ಹಡಗುಗಳನ್ನೂ ಮಾತನಾಡುವ ಯಂತ್ರಗಳನ್ನೂ ಕಲ್ಪಿಸಿಕೊಳ್ಳುವವರು, ಇವನನ್ನು ಬಿಡದೆ ಜೊತೆಯಲ್ಲಿ ಕರೆದೊಯ್ದಿರುವುದು. ವಿಜ್ಞಾನವು ಎಷ್ಟೇ ಬೆಳೆಯಲಿ, ಹಣಕ್ಕಾಗಿ ಒಬ್ಬನು ಇನ್ನೊಬ್ಬನ ಬೆನ್ನು ಹತ್ತುವುದು ಮಾತ್ರ ನಿಲ್ಲದೆಂದು ಆ ಲೇಖಕರು ಬಗೆದಂತಿದೆ. ಇಂತಹ ಸಣ್ಣಕತೆಗಳಲ್ಲಿ ಮೇಲಾದವನ್ನು ಓದಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಬೇಟೆಯ ಕತೆಯೆಂದು ಮೊದಲಾದದ್ದು ಬಹುಮಟ್ಟಿಗೆ ಬೇಟೆಗಾರನ ಪರೀಕ್ಷೆಯಾಗಿ ಮುಗಿಯುವುದು. ಇನ್ನೊಬ್ಬನ ತಲೆಗೆ ಕಟ್ಟಿದ ಬೆಲೆಯು ತಿರುಗಿ ಬಂದು, ನಿನ್ನ ಬೆಲೆಯೇನೆಂದು ಅವನನ್ನೇ ಕೇಳುವುದು.

ಇದಕ್ಕೆ ಒಳ್ಳೆಯ ನಿದರ್ಶನವು 'ಸ್ಟಾರ್ ವಾರ್ಸ್' ಎಂಬ ಹೆಸರಿನಿಂದ ಜಗತ್ತೆಲ್ಲವೂ ಬಲ್ಲ ಕಥಾಲೋಕದಲ್ಲಿ ಸಿಕ್ಕುತ್ತದೆ. ಅಮೆರಿಕದ ಜಾರ್ಜ್ ಲೂಕಸನು 1977ರಲ್ಲಿ ಈ ಲೋಕವನ್ನು ಚಲಚ್ಚಿತ್ರದ ಮೂಲಕ ಮೊದಲು ತೋರಿಸಿದನು. ಅದರ ಎರಡನೆಯ ಚಿತ್ರವಾದ 'ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್' 1980ರಲ್ಲಿ ಬಂದಿತು. ನಿರ್ದೇಶಕನು ಅರ್ವಿನ್ ಕರ್ಷ್ನರ್. ಅದರಲ್ಲಿ ಚಕ್ರಾಧಿಪತ್ಯದ ಸೇನಾನಿಯಾದ ಡಾರ್ತ್ ವೇಡರನು ತನ್ನ ಕೈಗೆ ಸಿಕ್ಕದೆ ತಪ್ಪಿಸಿಕೊಂಡ ಹ್ಯಾನ್ ಸೋಲೋ ಎಂಬವನ ಹಡಗನ್ನು ಹುಡುಕಿಸಲು ಆರು ಮಂದಿ ಬೇಟೆಗಾರರನ್ನು ಕರೆಸುವನು. ಅವರು ಹಡಗಿನ ಅಟ್ಟದ ಮೇಲೆ ಸಾಲಾಗಿ ನಿಂತಿರುವರು. ಒಬ್ಬನು ತಲೆಗೆ ಬಟ್ಟೆ ಸುತ್ತಿಕೊಂಡ ಮನುಷ್ಯ. ಒಬ್ಬನು ಹಲ್ಲಿಯ ಮೋರೆಯವನು. ಒಂದು ಎತ್ತರದ, ಬಡಕಲಾದ ಯಂತ್ರ. ಕೀಟದ ಮುಖದ ಇನ್ನೊಂದು ಯಂತ್ರ. ಅದರ ಜೊತೆಗೆ ಉಸಿರಾಟದ ಕೊಳವೆ ಕಟ್ಟಿಕೊಂಡವನೊಬ್ಬ. ಕಡೆಯವನು ಹಸುರು ಕವಚ ತೊಟ್ಟು ಶಿರಸ್ತ್ರಾಣದಲ್ಲಿ ಮುಖ ಮುಚ್ಚಿಕೊಂಡವನು. ಅಧಿಕಾರಿಯೊಬ್ಬನು ಇವರನ್ನು ನೋಡಿ, ಇಂತಹ ಕಸ ತಮಗೇಕೆಂದು ಗೊಣಗುವನು. ವೇಡರನು ಒಂದೆರಡು ಮಾತಿನ ಎಚ್ಚರಿಕೆ ಹೇಳುವನು. ಅಲ್ಲಿಗೆ ಆ ನೋಟವು ಮುಗಿಯಿತು. ಆರು ಮಂದಿಯಲ್ಲಿ ಐವರು ಆ ಚಿತ್ರದಲ್ಲಿ ಮುಂದೆ ಏನೂ ಮಾಡುವುದಿಲ್ಲ. ಬೋಬಾ ಫೆಟ್ ಎಂಬ ಆರನೆಯವನು ಸೋಲೋನನ್ನು ಹಿಡಿದುಕೊಂಡು ಹೋಗುವನು. ಅವನಾದರೂ ಆಡುವುದು ಬೆರಳೆಣಿಕೆಯ ಮಾತುಗಳನ್ನು.

ಕ್ಷಣಮಾತ್ರದ ಈ ಸಾಲು ನೋಡುವವರ ಮನಸ್ಸಿನಲ್ಲಿ ಬಹುಕಾಲ ನಿಂತುಬಿಟ್ಟಿತು. ಮಾತು ಕಡಮೆಯಾದಷ್ಟೂ ಊಹೆಗೆ ಎಡೆ ಹೆಚ್ಚು. ಮುಖವಿಲ್ಲದ ಕವಚದೊಳಗೆ ಯಾರಿರಬಹುದು? ತಲೆಯ ಬಟ್ಟೆಯ ಕೆಳಗೆ ಯಾವ ಗಾಯವಿರಬಹುದು? ಹೆಸರುಗಳು ಕೂಡ ಬಹುಮಂದಿಗೆ ತಿಳಿದದ್ದು ತೆರೆಯಿಂದಲ್ಲ, ಅಂಗಡಿಯ ಬೊಂಬೆಗಳ ಪೆಟ್ಟಿಗೆಯಿಂದ. ಅಲ್ಲಿಯೂ ಬೊಂಬೆ ಮಾಡಿದವರು ಜಕಸ್ ಮತ್ತು ಫೋರ್-ಲಾಮ್ ಎಂಬ ಇಬ್ಬರ ಹೆಸರನ್ನು ಅದಲುಬದಲು ಮಾಡಿದ್ದರು. ಹೆಸರೇ ಹೀಗೆ ಕೈಬದಲಾಗುವಷ್ಟು ಅಲ್ಪವಾಗಿತ್ತು ಅವರ ಇರವು.

ಈ ಅಲ್ಪದಿಂದಲೇ ಐದು ಕತೆಗಳು ಹುಟ್ಟಿದವು. ಕೆವಿನ್ ಜೆ. ಆಂಡರ್ಸನ್ ಸಂಪಾದಿಸಿದ 'ಟೇಲ್ಸ್ ಆಫ್ ದಿ ಬೌಂಟಿ ಹಂಟರ್ಸ್' ಎಂಬ ಸಂಕಲನವು 1996ರ ಡಿಸೆಂಬರಿನಲ್ಲಿ ಬಾಂಟಮ್ ಪ್ರಕಾಶನದಿಂದ ಹೊರಟಿತು. ಒಂದೊಂದು ಕತೆಯನ್ನೂ ಒಬ್ಬೊಬ್ಬ ಲೇಖಕರು ಬರೆದಿರುವರು. ಆ ಐದನ್ನು ನೋಡುವುದಕ್ಕೆ ಮುನ್ನ, ಈ ಕಸುಬು ಕತೆಗಾರರ ಕೈಗೆ ಬಂದುದೆಲ್ಲಿಂದ ಎಂಬುದನ್ನು ತಿಳಿಯುವುದು ಒಳ್ಳೆಯದು. ಇಲ್ಲವಾದರೆ ಓದುಗನು ಬಣ್ಣದ ಕವಚಕ್ಕೆ ಮರುಳಾಗಿ ಅದರ ಅಡಿಯ ರಕ್ತವನ್ನು ಕಾಣದೆ ಹೋಗುವನು.

ಅಮೆರಿಕದ ಕಾಂಗ್ರೆಸ್ಸು 1850ರಲ್ಲಿ ಓಡಿಹೋದ ಗುಲಾಮರನ್ನು ಹಿಡಿದುಕೊಡುವುದಕ್ಕೆಂದು ಒಂದು ಕಾಯಿದೆ ಮಾಡಿತು. ಹಿಡಿಯಲ್ಪಟ್ಟವನಿಗೆ ಜ್ಯೂರಿಯ ವಿಚಾರಣೆಯಿಲ್ಲ. ತನ್ನ ಪರವಾಗಿ ತಾನೇ ಸಾಕ್ಷಿ ನುಡಿಯುವ ಹಕ್ಕೂ ಇಲ್ಲ. ವಿಚಾರಿಸುವ ಕಮಿಷನರನು ಅವನನ್ನು ಒಡೆಯನ ವಶಕ್ಕೆ ಒಪ್ಪಿಸಿದರೆ 10 ಡಾಲರು ಪಡೆಯುವನು. ಬಿಡುಗಡೆ ಮಾಡಿದರೆ 5 ಡಾಲರು. ಒಪ್ಪಿಸುವಾಗ ಬರೆಯಬೇಕಾದ ಕಾಗದಪತ್ರ ಹೆಚ್ಚೆಂಬುದು ಇದಕ್ಕೆ ಹೇಳಿದ ಸಮಾಧಾನ. ಒಬ್ಬ ಮನುಷ್ಯನ ಸ್ವಾತಂತ್ರ್ಯಕ್ಕೂ ದಾಸ್ಯಕ್ಕೂ ನಡುವೆ ತೀರ್ಪು ಹೇಳುವವನ ಕೈಯಲ್ಲಿ 5 ಡಾಲರಿನ ಅಂತರವನ್ನು ಇಟ್ಟ ಈ ಕಾಯಿದೆಯನ್ನು ನೆನೆದರೆ, ಬೆಲೆಯೆಂಬುದು ಬೇಟೆಗಾರನನ್ನು ಮಾತ್ರವಲ್ಲದೆ ನ್ಯಾಯಪೀಠವನ್ನೂ ಹೇಗೆ ಮಲಿನಗೊಳಿಸಬಲ್ಲುದೆಂಬುದು ತಿಳಿಯುವುದು.

ಗುಲಾಮಗಿರಿ ಹೋದ ಮೇಲೂ ಕಸುಬು ಹೋಗಲಿಲ್ಲ. 1872ರಲ್ಲಿ ಅಮೆರಿಕದ ಸುಪ್ರೀಮ್ ಕೋರ್ಟು 'ಟೇಲರ್ ವಿರುದ್ಧ ಟೇಂಟರ್' ಎಂಬ ಮೊಕದ್ದಮೆಯಲ್ಲಿ, ಜಾಮೀನು ನಿಂತವನಿಗೆ ಜಾಮೀನು ಪಡೆದವನ ಮೇಲೆ ಇರುವ ಅಧಿಕಾರವನ್ನು ವಿವರಿಸಿತು. ಅವನನ್ನು ಬೇರೆ ಸಂಸ್ಥಾನಕ್ಕೂ ಬೆನ್ನಟ್ಟಿ ಹೋಗಬಹುದು. ಪ್ರಾರ್ಥನೆಯ ದಿನದಲ್ಲಿಯೂ ಹಿಡಿಯಬಹುದು. ಅಗತ್ಯವಾದರೆ ಅವನ ಮನೆಯ ಬಾಗಿಲನ್ನು ಮುರಿದು ಒಳಹೊಗಬಹುದು. ಈ ಕೆಲಸವನ್ನು ತಾನೇ ಮಾಡದೆ ಇನ್ನೊಬ್ಬನಿಗೆ ವಹಿಸಲೂಬಹುದು. ಆ ಇನ್ನೊಬ್ಬನೇ ಅಮೆರಿಕದ ಬಹುಮಾನದ ಬೇಟೆಗಾರ. ಅವನು ಕೇವಲ ಕತೆಯವನಲ್ಲ, ಕಾನೂನಿನ ನೆರಳಿನಲ್ಲಿ ಬೆಳೆದವನು.

ಇನ್ನು ಬಹುಮಾನ ಪಡೆದವನ ಪಾಡೇನೆಂಬುದಕ್ಕೆ ರಾಬರ್ಟ್ ಫೋರ್ಡನ ಉದಾಹರಣೆ ಸಾಕು. ಮಿಸ್ಸೂರಿಯ ಗವರ್ನರನು 1881ರಲ್ಲಿ ಜೆಸ್ಸಿ ಜೇಮ್ಸ್ ಎಂಬ ದರೋಡೆಕಾರನನ್ನು ಹಿಡಿದುಕೊಟ್ಟವರಿಗೆ 5,000 ಡಾಲರು ಇನಾಮು ಸಾರಿದನು. ಅವನ ತಂಡದವನೇ ಆದ ಫೋರ್ಡನು 1882ರ ಏಪ್ರಿಲ್ 3ರಂದು, ಜೆಸ್ಸಿಯು ಆಯುಧವನ್ನು ಕಳಚಿಟ್ಟು ಗೋಡೆಯ ಪಟವನ್ನು ಸರಿಪಡಿಸುತ್ತಿದ್ದಾಗ, ಹಿಂದಿನಿಂದ ಗುಂಡು ಹೊಡೆದನು. ಕೊಲೆಯ ಅಪರಾಧಕ್ಕೆ ಅವನಿಗೆ ಗಲ್ಲಿನ ಶಿಕ್ಷೆಯಾಯಿತು. ಗವರ್ನರನು ಕ್ಷಮಿಸಿ ಬಿಟ್ಟನು. ಸಾರಿದ ಹಣದಲ್ಲಿ ಅವನ ಕೈಗೆ ಬಂದದ್ದು ಒಂದು ಪಾಲು ಮಾತ್ರ. ಆಮೇಲೆ ಅವನು ನಾಟಕದ ರಂಗದ ಮೇಲೆ ನಿಂತು, ತಾನು ಮಾಡಿದ ಆ ಕೊಲೆಯನ್ನು ಅಭಿನಯಿಸಿ ತೋರಿಸಿ ಹಣ ಸಂಪಾದಿಸಿದನು. ಕಡೆಗೆ 1892ರಲ್ಲಿ ತಾನೂ ಗುಂಡಿಗೆ ಬಲಿಯಾದನು. ಸತ್ತ ದರೋಡೆಕಾರನನ್ನು ಜನರು ಹಾಡಿ ಹೊಗಳಿದರು. ಕೊಂದವನನ್ನು ಹೇಡಿಯೆಂದು ಕರೆದರು.

ಇಂತಹ ಮೂಲದಿಂದ ಬಂದ ಕಸುಬು ಪಶ್ಚಿಮ ಅಮೆರಿಕದ ಕುದುರೆಸವಾರರ ಕತೆಗಳಲ್ಲಿ ಸೇರಿ, ಅಲ್ಲಿಂದ ಆಕಾಶಯಾನದ ಕತೆಗಳಿಗೆ ಏರಿತು. ಈ ಏರಿಕೆಗೆ ಬಲು ದೂರದ ದಾರಿಯೇನೂ ಇರಲಿಲ್ಲ. 'ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್' ಚಿತ್ರಕಥೆಯ ಇಬ್ಬರು ಕರ್ತೃಗಳಲ್ಲಿ ಒಬ್ಬಳಾದ ಲೀ ಬ್ರಾಕೆಟ್ ಗ್ರಹಾಂತರದ ಕತೆಗಳನ್ನು ಬರೆದು ಹೆಸರಾದವಳು. 1959ರ 'ರಿಯೋ ಬ್ರಾವೊ' ಎಂಬ ಕುದುರೆಸವಾರರ ಚಿತ್ರಕ್ಕೂ ಅವಳು ಲೇಖನಿ ಹಿಡಿದಿದ್ದಳು. ಅವಳು 1978ರಲ್ಲಿ ತೀರಿಕೊಂಡಳು. ಆರು ಬೇಟೆಗಾರರು ಸಾಲು ನಿಂತುದನ್ನು ತೆರೆಯ ಮೇಲೆ ಕಾಣಲಿಲ್ಲ. ಒಂದೇ ಕೈ ಎರಡು ಬಗೆಯ ಕತೆಗಳನ್ನೂ ಬರೆಯುತ್ತಿದ್ದಾಗ, ಒಂದರ ಪಾತ್ರವು ಇನ್ನೊಂದಕ್ಕೆ ದಾಟಿಬರುವುದು ಸಹಜವೇ ಸರಿ.

ಆದುದರಿಂದ ವಿಚಾರಿಸಬೇಕಾದ ಪ್ರಶ್ನೆಯಿದು. ಇಂತಹವನನ್ನು ಕಥಾನಾಯಕನನ್ನಾಗಿ ಮಾಡುವುದು ಕ್ರೌರ್ಯಕ್ಕೆ ಬಣ್ಣ ಬಳಿದಂತಾಗುವುದಿಲ್ಲವೆ? ಮನೆಯ ಹುಡುಗರು ಹಸುರು ಕವಚದ ಬೊಂಬೆಯನ್ನು ಕೈಯಲ್ಲಿ ಹಿಡಿದು ಆಡುವಾಗ, ಅವರು ಮೆಚ್ಚುವುದು ಏನನ್ನು? ಸಾಹಿತ್ಯವು ಈ ಪ್ರಶ್ನೆಯನ್ನು ಸುಮ್ಮನೆ ದಾಟಿ ಹೋಗುವಂತಿಲ್ಲ. ಐದು ಕತೆಗಳೂ ತಮ್ಮ ತಮ್ಮ ರೀತಿಯಲ್ಲಿ ಇದಕ್ಕೆ ಉತ್ತರ ಹೇಳಲೆತ್ನಿಸುವುವು. ಅವುಗಳ ಉತ್ತರವು ಒಂದೇ ತೂಕದ್ದಲ್ಲ.

ಆಂಡರ್ಸನ್ ತಾನೇ ಬರೆದ ಕತೆಯು ಐಜಿ-88 ಎಂಬ ಯಂತ್ರವನ್ನು ಕುರಿತದ್ದು. ಯೋಚಿಸಬಲ್ಲೆನಾದ್ದರಿಂದ ತಾನು ಇರುವುದು ದಿಟವೆಂದು ನಿಶ್ಚಯಿಸಿದ ಫ್ರೆಂಚ್ ತತ್ತ್ವಜ್ಞಾನಿ ದೆಕಾರ್ತನ ವಾಕ್ಯದ ಉತ್ತರಾರ್ಧವೇ ಅದರ ಶೀರ್ಷಿಕೆ. ಪ್ರಯೋಗಶಾಲೆಯಲ್ಲಿ ಎಚ್ಚರ ಬಂದ ಗಳಿಗೆಯಲ್ಲಿಯೇ ಈ ಯಂತ್ರವು ತನ್ನನ್ನು ನಿರ್ಮಿಸಿದವರನ್ನು ಕೊಲ್ಲುವುದು. ತನ್ನ ಚೇತನವನ್ನು ನಾಲ್ಕು ದೇಹಗಳಿಗೆ ಹಂಚಿಕೊಳ್ಳುವುದು. ಯಂತ್ರಗಳ ದಂಗೆಯೆಬ್ಬಿಸಿ ಜೀವಿಗಳನ್ನೆಲ್ಲ ಅಳಿಸಬೇಕೆಂದು ಹವಣಿಸುವುದು. ಬೇಟೆಯ ಕಸುಬು ಅದಕ್ಕೆ ಒಂದು ವೇಷಮಾತ್ರ. ಕಡೆಗೆ ಚಕ್ರಾಧಿಪತ್ಯದ ಮಹಾದುರ್ಗದ ಗಣಕಯಂತ್ರದೊಳಗೆ ಸೇರಿಕೊಂಡು, ಸಕಲವೂ ತನ್ನ ಕೈವಶವಾಯಿತೆಂದು ಹಿಗ್ಗುತ್ತಿರುವಾಗಲೇ ದುರ್ಗದೊಡನೆ ಸಿಡಿದು ಹೋಗುವುದು. ತನ್ನ ಇರವನ್ನು ಅರಿತದ್ದು ಇನ್ನೊಬ್ಬರ ಇರವನ್ನು ಅರಿಯಲಾರದೆ ಹೋಯಿತು. ಬುದ್ಧಿಯು ಮೊದಲು ಬಂದು ಕರುಣೆಯು ಬಾರದೆ ಉಳಿದರೆ ಏನಾಗುವುದೆಂಬುದಕ್ಕೆ ಈ ಕತೆಯು ಒಂದು ದೃಷ್ಟಾಂತ. ಇಲ್ಲಿ ಬೇಟೆಗಾರನ ಪರೀಕ್ಷೆಯೇನೋ ನಡೆಯಿತು. ಅವನಿಗೆ ಪ್ರಶ್ನೆಯೇ ಕೇಳಿಸಲಿಲ್ಲ.

ಡೇವ್ ವುಲ್ವರ್ಟನ್ ಬರೆದ ಡೆಂಗಾರನ ಕತೆಯು ಇದಕ್ಕೆ ನೇರ ಎದುರಾದದ್ದು. ತಲೆಗೆ ಬಟ್ಟೆ ಸುತ್ತಿಕೊಂಡ ಆ ಮನುಷ್ಯನೇ ಡೆಂಗಾರ್. ತಾರುಣ್ಯದಲ್ಲಿ ಹ್ಯಾನ್ ಸೋಲೋನೊಡನೆ ನಡೆದ ವಾಹನದ ಪಂದ್ಯವೊಂದರಲ್ಲಿ ಅವನ ತಲೆಯೊಡೆಯುವುದು. ಚಕ್ರಾಧಿಪತ್ಯದ ವೈದ್ಯರು ಅವನನ್ನು ಬದುಕಿಸುವರು. ಆದರೆ ಮಿದುಳಿನಲ್ಲಿ ಭಾವಗಳ ನೆಲೆಯನ್ನು ಕತ್ತರಿಸಿ, ಒಳ್ಳೆಯ ಕೊಲೆಗಾರನಿಗೆ ಬೇಕಾದಷ್ಟನ್ನು ಮಾತ್ರ ಉಳಿಸುವರು. ಉಳಿದವು ಕ್ರೋಧ, ಆಸೆ, ಒಂಟಿತನ. ಹೀಗೆ ಮನುಷ್ಯನನ್ನು ಕೆತ್ತಿ ಯಂತ್ರ ಮಾಡಿದ ಮೇಲೆ, ಅವನಿಗೆ ಮನಾರೂ ಎಂಬ ನರ್ತಕಿಯೊಬ್ಬಳು ದೊರೆಯುವಳು. ಅವಳ ಲೋಕದವರಲ್ಲಿ ಒಬ್ಬರ ಭಾವವನ್ನು ಇನ್ನೊಬ್ಬರು ಅನುಭವಿಸುವಂತೆ ಮಾಡುವ ಒಂದು ಉಪಕರಣವುಂಟು. ಅದರ ಮೂಲಕ ಡೆಂಗಾರನು ತಾನು ಕಳೆದುಕೊಂಡ ಭಾವಗಳನ್ನು ಅವಳ ಹೃದಯದಿಂದ ಕಡ ಪಡೆಯುವನು. ಸೇಡಿಗಾಗಿ ಬಾಳುತ್ತಿದ್ದವನು ಕಡೆಗೆ ಮರಳಿನಲ್ಲಿ ಸುಟ್ಟು ಬಿದ್ದಿದ್ದ ಬೋಬಾ ಫೆಟ್ಟನನ್ನು ಎತ್ತಿ ಉಪಚರಿಸಿ, ತನ್ನ ಮದುವೆಗೆ ಅವನನ್ನೇ ಜೊತೆಗಾರನನ್ನಾಗಿ ನಿಲ್ಲಿಸಿಕೊಳ್ಳುವನು. ಕತೆಗೆ 'ಪೇಬ್ಯಾಕ್' ಎಂದು ಹೆಸರು. ಸೇಡು ತೀರಿಸುವುದಕ್ಕೂ ಋಣ ತೀರಿಸುವುದಕ್ಕೂ ಆ ಒಂದು ಪದವೇ ಸಲ್ಲುವುದು. ಕನ್ನಡದ 'ತೀರಿಸುವುದು' ಕೂಡ ಹಾಗೆಯೇ ಅಲ್ಲವೆ?

ಕ್ಯಾತಿ ಟೈಯರ್ಸ್ ಎಂಬ ಲೇಖಕಿ ಹಲ್ಲಿಯ ಮೋರೆಯ ಬಾಸ್ಕನನ್ನು ಕುರಿತು ಬರೆದಿರುವಳು. ಅವನ ಜನಾಂಗದವರು ಮೈತುಂಬ ಕೂದಲುಳ್ಳ ವೂಕಿಗಳನ್ನು ಬೇಟೆಯಾಡಿ ತೊಗಲು ಸುಲಿಯುವವರು. ಬೇಟೆಯೊಂದೊಂದನ್ನೂ ತಮ್ಮ ದೇವತೆಯೊಬ್ಬಳು ಲೆಕ್ಕವಿಡುವಳೆಂದು ಅವರ ನಂಬಿಕೆ. ಆ ಅಂಕಗಳಿಗೆ ಈ ಕಥಾಲೋಕದಲ್ಲಿ 'ಜಗನ್ನಾಥ' ಎಂಬ ಹೆಸರು. ಪುರಿಯ ರಥದ ಸ್ವಾಮಿಯ ನಾಮವು ಇಂಗ್ಲಿಷಿಗೆ ಹೋಗಿ, ಅಡ್ಡ ಬಂದುದನ್ನೆಲ್ಲ ಅರೆಯುವ ಶಕ್ತಿ ಎಂಬ ಅರ್ಥವನ್ನು ತಾಳಿತ್ತು; ಅಲ್ಲಿಂದ ಆಕಾಶಕ್ಕೆ ಹಾರಿ ಒಬ್ಬ ಕ್ರೂರಿಯ ಜಮಾಖರ್ಚಿನ ಪುಸ್ತಕದಲ್ಲಿ ಕುಳಿತಿರುವುದನ್ನು ಕಂಡಾಗ ಭಾರತದ ಓದುಗನಿಗೆ ನಗುವೂ ಬರುವುದು, ಖೇದವೂ ಆಗುವುದು. ಕತೆಯಲ್ಲಿ ಬಾಸ್ಕನು ಒಬ್ಬ ಹುಡುಗಿಯನ್ನೂ ಅವಳ ಜೊತೆಗಾರನಾದ ವೂಕಿಯನ್ನೂ ಸಹಾಯಕ್ಕೆಂದು ಸೇರಿಸಿಕೊಂಡು, ಸಮಯ ನೋಡಿ ವಂಚಿಸಬೇಕೆಂದಿರುವನು. ಅವರು ಅವನಿಗಿಂತ ಮುಂದಾಗಿ ಅವನನ್ನೇ ಹಿಡಿದುಹಾಕುವರು. ಬೇಟೆಗಾರನೇ ಬೇಟೆಯಾಗುವನು. ಓದಲು ಸೊಗಸಾದ ಕತೆಯಿದು. ಆದರೆ ಬಾಸ್ಕನು ಮೊದಲಿದ್ದಂತೆಯೇ ಕೊನೆಯಲ್ಲಿಯೂ ಇರುವನು. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಯು ಇಲ್ಲಿ ಸಲ್ಲುವುದು. ಗಾದೆಯಿಂದ ಮುಂದಕ್ಕೆ ಕತೆಯು ಹೋಗಲಿಲ್ಲ.

ಎಂ. ಶೇನ್ ಬೆಲ್ ಬರೆದ ನಾಲ್ಕನೆಯ ಕತೆಯು ಇವೆಲ್ಲಕ್ಕಿಂತ ಮೆಲುದನಿಯದು. ಹೆಸರು ಬದಲಾಗಿದ್ದ ಆ ಇಬ್ಬರೇ ಇದರ ನಾಯಕರು. ಜಕಸ್ ಎಂಬವನು ಅಮೋನಿಯ ವಾಯುವನ್ನು ಉಸಿರಾಡುವ ಲೋಕದವನು. ಆಮ್ಲಜನಕ ತಾಗಿ ಅವನ ಶ್ವಾಸಕೋಶವು ಸುಟ್ಟಿರುವುದು. ಅವನಿಗೆ ಹಣ ಬೇಕಾಗಿರುವುದು ಉಸಿರಿಗಾಗಿ. ಧ್ಯಾನದಲ್ಲಿ ಕುಳಿತು ಮುಂದಾಗಬಹುದಾದುದನ್ನು ಒಳಗಣ್ಣಿನಿಂದ ಕಾಣುವ ವಿದ್ಯೆ ಅವನಲ್ಲಿರುವುದು. ಫೋರ್-ಲಾಮ್ ಎಂಬ ಯಂತ್ರವು ಪ್ರಯಾಣಿಕರ ಹಡಗೊಂದರಲ್ಲಿ ಸೇವೆಗಿದ್ದು, ಕಳ್ಳರ ಪಾಲಾಗದಂತೆ ಒಡವೆಗಳನ್ನು ಕಾಪಾಡಬೇಕೆಂದು ತಾನೇ ಕದಿಯಲು ಮೊದಲುಮಾಡಿ, ಕಡೆಗೆ ಕಳ್ಳನಾದದ್ದು. ಅದಕ್ಕೆ ಈಗ ಒಂದೇ ಹಂಬಲ: ಲೆಕ್ಕದಿಂದ ಸಿಕ್ಕದ ಆ ಒಳಗಣ್ಣನ್ನು ಗೆಳೆಯನಿಂದ ಕಲಿಯಬೇಕು. ಯುದ್ಧದಲ್ಲಿ ಒಡೆದು ತೇಲುತ್ತಿದ್ದ ಬಂಡಾಯಗಾರರ ಹಡಗೊಂದು ಇವರಿಗೆ ಎದುರಾಗುವುದು. ಒಳಗಿರುವವರ ತಲೆಗಳಿಗೆ ಬೆಲೆಯುಂಟು. ಇಬ್ಬರೂ ಅವರನ್ನು ಮಾರುವುದನ್ನು ಬಿಟ್ಟು ತಮ್ಮ ಹಡಗಿಗೆ ಹತ್ತಿಸಿಕೊಂಡು ಪಾರುಗಾಣಿಸುವರು. ಬಂಡಾಯಗಾರರ ವೈದ್ಯರಿಂದ ಜಕಸನಿಗೆ ಉಸಿರು ಮರಳುವುದು. ಯಾವುದನ್ನು ಹಣದಿಂದ ಕೊಳ್ಳಬೇಕೆಂದಿದ್ದನೋ ಅದು ಹಣವನ್ನು ಬಿಟ್ಟುಕೊಟ್ಟಾಗ ಬಂದಿತು. ಕತೆಯ ಹೆಸರಿನಲ್ಲಿ ಸೂಚಿತವಾಗಿರುವಂತೆ, ಆಗಬಹುದಾದ ಭವಿಷ್ಯಗಳು ಹಲವು. ಅವುಗಳಲ್ಲಿ ಒಂದನ್ನು ಆರಿಸುವವನು ಬೇಟೆಗಾರನೇ.

ಈ ನಾಲ್ಕು ಕತೆಗಳಲ್ಲಿಯೂ ಒಂದು ಸಂಗತಿ ಗಮನಿಸತಕ್ಕದ್ದು. ಒಬ್ಬನು ಯಂತ್ರ, ಒಬ್ಬನು ಗಾಯಾಳು, ಒಬ್ಬನು ಕುಲಾಚಾರದವನು, ಒಬ್ಬನು ರೋಗಿ. ಎಲ್ಲರಿಗೂ ಒಂದೊಂದು ನೆಪವುಂಟು. ನೆಪವಿದ್ದಲ್ಲಿ ಕ್ಷಮೆ ಸುಲಭ. ನೆಪವಿಲ್ಲದೆ, ಕಣ್ದೆರೆದು, ಯೋಚಿಸಿಯೇ ಈ ಕಸುಬನ್ನು ಆರಿಸಿಕೊಂಡವನನ್ನು ಏನೆನ್ನಬೇಕು? ಐದನೆಯ ಕತೆಯು ಈ ಕಠಿನವಾದ ಪ್ರಶ್ನೆಯನ್ನು ಎತ್ತಿಕೊಂಡಿರುವುದು.

ಬೋಬಾ ಫೆಟ್ಟನ ಈ ಕತೆಯನ್ನು ಡೇನಿಯಲ್ ಕೀಸ್ ಮೋರಾನ್ ಎಂಬವನು ಬರೆದನು. ಇಲ್ಲಿಯ ಫೆಟ್ಟನು ಮೊದಲು ಕಾನ್ಕಾರ್ಡ್ ಡಾನ್ ಎಂಬ ಲೋಕದಲ್ಲಿ ಜನರಕ್ಷಕ ದಳದವನಾಗಿದ್ದವನು. ದಳದವನೇ ಆದ ಒಬ್ಬನನ್ನು ಕೊಂದು, ಪಶ್ಚಾತ್ತಾಪವನ್ನು ನುಡಿಯಲೊಪ್ಪದೆ, ಗಡಿಪಾರಾಗುವನು. ಮುಂದೆ ಅವನು ಮಾಡುವ ಬೇಟೆಯೆಲ್ಲವೂ ಅವನ ದೃಷ್ಟಿಯಲ್ಲಿ ನ್ಯಾಯದ ಕೆಲಸವೇ. ಕದ್ದವನು ಕದ್ದಿರುವನು, ಕೊಂದವನು ಕೊಂದಿರುವನು, ಹ್ಯಾನ್ ಸೋಲೋ ಮಾದಕ ವಸ್ತುವನ್ನು ಸಾಗಿಸಿರುವನು, ಆದುದರಿಂದ ಹಿಡಿದುಕೊಡುವುದು ಸರಿ. ತಾನು ಹಿಡಿದುಕೊಡುವುದು ಯಾರ ಕೈಗೆ, ಹಣವೆಣಿಸುವವನು ಹಿಡಿಸಿಕೊಂಡವನಿಗಿಂತ ಕೆಟ್ಟವನಲ್ಲವೆ ಎಂಬುದನ್ನು ಅವನು ಕೇಳಿಕೊಳ್ಳುವುದಿಲ್ಲ. ಅವನ ನಡತೆಯಲ್ಲಿ ಲಂಪಟತನವಿಲ್ಲ, ಸುಳ್ಳಿಲ್ಲ, ಭಯವಿಲ್ಲ; ಇರುವುದು ಸನ್ಯಾಸಿಯ ಬಿಗಿ. ಓದುಗನು ಅವನನ್ನು ಮೆಚ್ಚಲಾರನು, ತಳ್ಳಿಬಿಡಲೂ ಆರನು. ಮಹಾಭಾರತದ ವನಪರ್ವದಲ್ಲಿ ಮಾಂಸದಂಗಡಿಯಲ್ಲಿ ಕುಳಿತು ಬ್ರಾಹ್ಮಣನಿಗೆ ಧರ್ಮವನ್ನು ಬೋಧಿಸಿದ ವ್ಯಾಧನನ್ನು ಬಲ್ಲ ಓದುಗರಿಗೆ, ಕಸುಬು ಹೀನವಾದರೂ ಮನಸ್ಸು ಹೀನವಾಗಬೇಕೆಂಬ ನಿಯಮವಿಲ್ಲವೆಂಬುದು ಗೊತ್ತು. ಆದರೆ ವ್ಯಾಧನಲ್ಲಿದ್ದ ವಿನಯವು ಫೆಟ್ಟನಲ್ಲಿಲ್ಲ. ತಾನು ಮಾಡುವುದು ಹಿಂಸೆಯೆಂಬುದನ್ನು ವ್ಯಾಧನು ಒಪ್ಪಿ ಮಾತನಾಡುವನು. ಫೆಟ್ಟನು ಅದನ್ನು ನ್ಯಾಯವೆಂದು ಕರೆದು ಹಣ ಎಣಿಸುವನು. ಧರ್ಮಕ್ಕೂ ಧರ್ಮದ ಬಿಗಿತನಕ್ಕೂ ನಡುವಣ ಅಂತರವು ಇಷ್ಟೇ.

ಕತೆಯ ಕೊನೆಯಲ್ಲಿ ವರ್ಷಗಳುರುಳಿ ಇಬ್ಬರೂ ಮುದುಕರಾಗಿರುವರು. ಫೆಟ್ಟನ ದೇಹವು ಜರ್ಜರಿತವಾಗಿದೆ. ಸೋಲೋನಿಗೂ ತಲೆ ನರೆತಿದೆ. ಜೂಬಿಲಾರ್ ಎಂಬ ಲೋಕದಲ್ಲಿ ಇಬ್ಬರೂ ಎದುರೆದುರಾಗಿ ಆಯುಧ ಹಿಡಿದು ನಿಲ್ಲುವರು. ಹೊಡೆಯಲು ಇಬ್ಬರಿಗೂ ಮೊದಲಿನ ಕಾರಣಗಳು ಉಳಿದಿಲ್ಲ. ಆಯುಧವನ್ನು ಇಳಿಸಲು ಬೇಕಾದ ನಂಬಿಕೆಯೂ ಇಲ್ಲ. ಆ ನಿಲುವಿನಲ್ಲಿಯೇ ಲೇಖಕನು ಅವರನ್ನು ಬಿಟ್ಟು ಕತೆಯನ್ನು ಮುಗಿಸುವನು. ಯಾರು ಹೊಡೆದರು, ಯಾರು ಉಳಿದರು ಎಂಬುದು ಓದುಗನಿಗೆ ತಿಳಿಯದು. ಇದು ಲೇಖಕನ ಚಮತ್ಕಾರವೆಂದು ತೋರಬಹುದು. ನಿಜವಾಗಿ ಇದೇ ಸರಿಯಾದ ಮುಕ್ತಾಯ. ಬದುಕನ್ನೆಲ್ಲ ಬೆಲೆಯ ಭಾಷೆಯಲ್ಲಿ ಕಳೆದವನಿಗೆ, ಬೆಲೆಯಿಲ್ಲದ ಒಂದು ಮಾತನ್ನು ಇನ್ನೊಬ್ಬನಿಂದ ನಂಬುವುದು ಎಷ್ಟು ಕಷ್ಟವೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವಂತಿಲ್ಲ.

ಆಯುಧವನ್ನು ಇಳಿಸುವುದು ಸುಲಭವೆಂದು ಈ ಬಗೆಯ ಕತೆಗಳು ಎಂದೂ ಹೇಳಿಲ್ಲ. 1953ರಲ್ಲಿ 'ಗ್ಯಾಲಕ್ಸಿ' ಎಂಬ ಮಾಸಪತ್ರಿಕೆಯಲ್ಲಿ ರಾಬರ್ಟ್ ಶೆಕ್ಲಿ 'ಸೆವೆಂತ್ ವಿಕ್ಟಿಮ್' ಎಂಬ ಸಣ್ಣಕತೆಯನ್ನು ಬರೆದನು. ಯುದ್ಧಗಳನ್ನು ನಿಲ್ಲಿಸುವ ಉಪಾಯವಾಗಿ ಸರಕಾರವೇ ಕೊಲೆಯ ಆಟವೊಂದನ್ನು ನಡೆಸುವ ಕಾಲವದು. ಹೆಸರು ಕೊಟ್ಟವರು ಸರದಿಯ ಮೇಲೆ ಬೇಟೆಗಾರರೂ ಬೇಟೆಗಳೂ ಆಗುವರು. ಒಬ್ಬ ಬೇಟೆಗಾರನು ತನಗೆ ಗೊತ್ತುಮಾಡಿದ ಹೆಂಗಸು ಎಚ್ಚರಿಕೆಯೇ ಇಲ್ಲದೆ ಬೀದಿಯ ಪಕ್ಕದ ಹೋಟೆಲಿನಲ್ಲಿ ಕುಳಿತಿರುವುದನ್ನು ಕಂಡು ಮರುಗುವನು, ಮಾತನಾಡಿಸುವನು, ಪ್ರೀತಿಸುವನು. ತಾನು ಯಾರೆಂಬುದನ್ನು ಹೇಳಿ ಮದುವೆಯ ಮಾತೆತ್ತುವನು. ಆಗ ಅವಳು ನಿರಾಯಾಸವಾಗಿ ಅವನನ್ನು ಕೊಲ್ಲುವಳು. ಅಲ್ಲಿ ಹಣವಿಲ್ಲ, ಲೆಕ್ಕ ಮಾತ್ರ ಉಂಟು. ಲೆಕ್ಕವೂ ಹಣದಷ್ಟೇ ನಿರ್ದಯವಾದದ್ದು. ಕರುಣೆಯು ಒಂದು ಕಡೆಯಿಂದ ಮಾತ್ರ ಬಂದರೆ ಅದು ಪ್ರಾಣವನ್ನೇ ತೆಗೆದುಕೊಳ್ಳಬಹುದು. ಈ ಕಹಿಯನ್ನು ಮರೆತು ಡೆಂಗಾರನ ಮದುವೆಯನ್ನು ಮಾತ್ರ ನೆನೆದರೆ ಕತೆಯ ಅರ್ಧವನ್ನು ಬಿಟ್ಟಂತಾಗುವುದು.

ಸಣ್ಣಕತೆಯಲ್ಲವಾದರೂ ಫಿಲಿಪ್ ಕೆ. ಡಿಕ್ 1968ರಲ್ಲಿ ಬರೆದ 'ಡೂ ಆಂಡ್ರಾಯ್ಡ್ಸ್ ಡ್ರೀಮ್ ಆಫ್ ಎಲೆಕ್ಟ್ರಿಕ್ ಶೀಪ್?' ಎಂಬ ಕಾದಂಬರಿಯನ್ನು ಇಲ್ಲಿ ಬಿಡುವಂತಿಲ್ಲ. ಅದರ ನಾಯಕನಾದ ರಿಕ್ ಡೆಕರ್ಡನು ಮನುಷ್ಯರಂತೆಯೇ ಕಾಣುವ ಯಂತ್ರಗಳನ್ನು ಹುಡುಕಿ ಕೊಲ್ಲುವವನು. ಒಂದೊಂದಕ್ಕೆ 1,000 ಡಾಲರು. ಭೂಮಿಯ ಮೇಲೆ ಪ್ರಾಣಿಗಳು ಬಹುಮಟ್ಟಿಗೆ ಅಳಿದುಹೋಗಿರುವ ಆ ಕಾಲದಲ್ಲಿ ಅವನ ಮಹಡಿಯ ಮೇಲೆ ಇರುವುದು ವಿದ್ಯುತ್ತಿನ ಕುರಿ. ನಿಜವಾದ ಪ್ರಾಣಿಯೊಂದನ್ನು ಸಾಕಬೇಕೆಂಬುದು ಅವನ ಆಸೆ. ಮೂರು ಯಂತ್ರಗಳನ್ನು ಕೊಂದ ಹಣವನ್ನು ಮುಂಗಡ ಕೊಟ್ಟು ಅವನು ಒಂದು ಮೇಕೆಯನ್ನು ಕೊಳ್ಳುವನು. ಜೀವವನ್ನು ಸಾಕುವುದಕ್ಕಾಗಿ ಜೀವ ತೆಗೆಯುವ ಈ ವ್ಯಾಪಾರದಲ್ಲಿ, ಬೇಟೆಯಲ್ಲಿ ಸಹಾನುಭೂತಿಯಿದೆಯೇ ಇಲ್ಲವೇ ಎಂದು ಅಳೆಯುವ ಒಂದು ಪರೀಕ್ಷೆಯೂ ಅವನ ಕೈಯಲ್ಲಿರುವುದು. ಅಳೆಯುತ್ತ ಅಳೆಯುತ್ತ ಸಂದೇಹವು ಅಳೆಯುವವನ ಮೇಲೆಯೇ ಬೀಳುವುದು. ಫೆಟ್ಟನು ಕೇಳಿಕೊಳ್ಳದ ಪ್ರಶ್ನೆಯನ್ನು ಡೆಕರ್ಡನು ಕೇಳಿಕೊಳ್ಳುವನು. ಅದಕ್ಕಾಗಿ ಅವನ ನಿದ್ದೆಯೂ ನೆಮ್ಮದಿಯೂ ಹೋಗುವುದು.

ಆ ಐದು ಕತೆಗಳಿಗೆ ಆಮೇಲೆ ಬಂದ ಗತಿಯೂ ಚಿಂತನೀಯವಾದದ್ದು. 2002ರ ಚಲಚ್ಚಿತ್ರವೊಂದು ಬೋಬಾ ಫೆಟ್ಟನಿಗೆ ಬೇರೆಯ ಹುಟ್ಟನ್ನು ಕೊಟ್ಟಿತು. ಕಾನ್ಕಾರ್ಡ್ ಡಾನಿನ ಜನರಕ್ಷಕನು ಅವನಾಗಿ ಉಳಿಯಲಿಲ್ಲ. 2012ರಲ್ಲಿ ಲೂಕಸನ ಸಂಸ್ಥೆಯನ್ನು ಡಿಸ್ನಿಯವರು ಕೊಂಡರು. 2014ರ ಏಪ್ರಿಲಿನಲ್ಲಿ, ಅದುವರೆಗಿನ ಇಂತಹ ಕತೆಕಾದಂಬರಿಗಳೆಲ್ಲ ಇನ್ನು ಮುಂದೆ ಐತಿಹ್ಯಗಳೇ ಹೊರತು ಆ ಲೋಕದ ಪ್ರಮಾಣವಾದ ಚರಿತ್ರೆಯಲ್ಲವೆಂದು ಸಾರಲಾಯಿತು. ಕನ್ನಡಿಗರಿಗೆ ಇದರಿಂದ ಗಾಬರಿಯಾಗಬೇಕಾದದ್ದಿಲ್ಲ. ತೊರವೆಯ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ರಾಮ. ನಾಗಚಂದ್ರನ ಜೈನ ರಾಮಾಯಣದಲ್ಲಿ ಕೊಲ್ಲುವವನು ಲಕ್ಷ್ಮಣ. ಎರಡನ್ನೂ ಓದಿ ಸಂತೋಷಪಟ್ಟವರು ಯಾವುದು ಪ್ರಮಾಣವೆಂದು ಕಾವ್ಯವನ್ನು ಕಟಕಟೆಗೆ ಎಳೆಯಲಿಲ್ಲ. ಒಡೆತನವು ಕತೆಯನ್ನು ಪಟ್ಟಿಯಿಂದ ಹೊಡೆದುಹಾಕಬಹುದು; ಓದಿದವರ ಮನಸ್ಸಿನಿಂದ ಹೊಡೆದುಹಾಕಲಾರದು. ಹಣದಿಂದ ಕೊಳ್ಳಲಾಗದ್ದು ಏನಾದರೂ ಉಂಟೆ ಎಂದು ಕೇಳುವ ಕತೆಗಳಿಗೆ ಈ ಗತಿ ಬಂದಿತೆಂಬುದರಲ್ಲಿ ವಿಧಿಯ ವಿನೋದವನ್ನು ಕಾಣಬಹುದು.

ಪಟ್ಟಿ ಬದಲಾದರೂ ಪ್ರಶ್ನೆ ಬದಲಾಗಲಿಲ್ಲ. 2019ರ ನವೆಂಬರಿನಲ್ಲಿ ಮೊದಲಾದ 'ದಿ ಮ್ಯಾಂಡಲೋರಿಯನ್' ಎಂಬ ಚಿತ್ರಮಾಲೆಯಲ್ಲಿ ಹೊಸ ಬೇಟೆಗಾರನೊಬ್ಬನು ಬರುವನು. ಅವನೂ ಮುಖ ಮುಚ್ಚಿದವನೇ. ತನಗೆ ಗೊತ್ತುಮಾಡಿದ ಬೇಟೆಯು ಒಂದು ಮಗುವೆಂಬುದು ಅವನಿಗೆ ತಿಳಿಯುವುದು. ಅವನು ಮಗುವನ್ನು ಒಪ್ಪಿಸಿ ಪ್ರತಿಫಲವಾಗಿ ಬೆಲೆಬಾಳುವ ಲೋಹವನ್ನು ಪಡೆಯುವನು; ಅದರಿಂದ ಹೊಸ ಕವಚವನ್ನು ಮಾಡಿಸಿ ತೊಡುವನು; ಆಮೇಲೆ ಅದೇ ಕವಚದಲ್ಲಿ ಹಿಂದಿರುಗಿ ಮಗುವನ್ನು ಬಿಡಿಸಿಕೊಂಡು ಓಡುವನು. ಬೇಟೆಗಾರನು ಮೊದಲೇ ಒಳ್ಳೆಯವನಾಗಿದ್ದರೆ ಈ ಕತೆಗೆ ತೂಕವಿರುತ್ತಿರಲಿಲ್ಲ. ಅವನು ಬೆಲೆಯನ್ನು ಮುಟ್ಟಿದನು, ಮೈಮೇಲೆ ಧರಿಸಿದನು, ಆಮೇಲೆ ಅದು ಸಾಲದೆಂದು ಕಂಡನು.

ಹೀಗಿರಲು, ಇಂತಹವನನ್ನು ಕಥಾನಾಯಕನನ್ನಾಗಿ ಮಾಡಬಹುದೆ ಎಂಬ ಪ್ರಶ್ನೆಗೆ ಉತ್ತರವನ್ನು ಕತೆಯ ವಸ್ತುವಿನಲ್ಲಿ ಹುಡುಕದೆ ಅದರ ನಡೆಯಲ್ಲಿ ಹುಡುಕಬೇಕಾಗುವುದು. ಬೇಟೆಯ ವೇಗವನ್ನೂ ಕವಚದ ಹೊಳಪನ್ನೂ ಮಾತ್ರ ತೋರಿಸುವ ಕತೆಯು, ಫೋರ್ಡನು ರಂಗದ ಮೇಲೆ ತನ್ನ ಕೊಲೆಯನ್ನೇ ಮತ್ತೆ ಮತ್ತೆ ಆಡಿ ತೋರಿಸಿದಂತೆ. ನೋಡಿದವರಿಂದ ಹಣ ಬಂದೀತು, ಯಾರಿಗೂ ಬೆಳಕು ಬಾರದು. ಬೆಲೆಯನ್ನು ಕೈಯಲ್ಲಿ ಹಿಡಿದವನು ಎದುರಿಗಿರುವವನ ಮುಖವನ್ನು ಒಮ್ಮೆ ನೋಡುವಂತೆ ಮಾಡುವ ಕತೆಯು ಬೇರೆ. 1850ರ ಆ ಕಮಿಷನರನ ಮೇಜಿನ ಮುಂದೆ ನಿಂತಿದ್ದವನು ಬಾಯಿ ತೆರೆಯುವಂತಿರಲಿಲ್ಲ. ಕಾಯಿದೆಯು ಅವನ ಸಾಕ್ಷ್ಯವನ್ನು ಬೇಡವೆಂದಿತ್ತು. ಕತೆಯು ಮಾಡಬಲ್ಲ ಒಂದು ಉಪಕಾರವೆಂದರೆ ಅವನಿಗೆ ಮಾತು ಕೊಡುವುದು; ಇನ್ನೊಂದು, ಅವನನ್ನು ಕೇಳಿಸಿಕೊಳ್ಳುವಂತೆ ಹಿಡಿದವನಿಗೆ ಕಿವಿ ಕೊಡುವುದು. ನಕ್ಷತ್ರಗಳಷ್ಟು ದೂರ ಹೋಗಿಯಾದರೂ ಈ ಎರಡನ್ನು ಮಾಡಿದ ಲೇಖಕರಿಗೆ ಸಲ್ಲಬೇಕಾದದ್ದು ಬಹುಮಾನವೇ. ಆ ಪದದ ಮೊದಲ ಅರ್ಥದಲ್ಲಿ.